ಎಸಿ ಗೇಜ್‌ನ್ಯಾಗ 330 ಬಂದೈತಿ, ಗ್ಯಾಸ್ ಹಾಕಸ್ಲೋ ಬ್ಯಾಡೋ?

ಬಿಸಲೂರಾಂವ, ವಿಜಯಪುರ:
ನಮಸ್ಕಾರ್ರೀ. ಸೊಲ್ಲಾಪುರ ರೋಡ್ ಹಿಡದ್ರ ಎಸಿ ಚಲೋ ಥಂಡ್ ಬರ್ತೈತಿ, ಗಾಂಧಿ ಚೌಕದಾಗ ಟ್ರಾಫಿಕ್‌ನ್ಯಾಗ ನಿಂತ್ರ ಬರೇ ಬಿಸಿ ಗಾಳಿ. ಗ್ಯಾರೇಜಿನವ್ರು ಗೇಜ್ ಹಚ್ಚಿದ್ರು, ಒತ್ತಡ ಲೋ ಸೈಡ್ (ಕಂಪ್ರೆಸರ್ ಒಳಗ ಗ್ಯಾಸ್ ಬರೂ ಕಡೆ) 60, ಹೈ ಸೈಡ್ (ಒತ್ತಿ ಹೊರಗ ಹೋಗೂ ಕಡೆ) 330 ಪಿಎಸ್‌ಐ. ಗ್ಯಾಸ್ ಕಡಿಮಿ ಐತಿ ತುಂಬಸ್ರಿ ಅಂತಾರ. ಆರ್134ಎ ಅನ್ನೂ ಎಸಿ ಗ್ಯಾಸಿನ ಗಾಡಿ. ಖರೇನ್ರಿ?

ಸ್ಪ್ಯಾನರ್ ಕಾಕಾ:
ಎರಡೂ ಏರ್ಯಾವಂದ್ರ ಗ್ಯಾಸ್ ಕಡಿಮಿ ಹೆಂಗ ಆಗ್ತೈತೋ ತಮ್ಮಾ? ಕಡಿಮಿ ಇದ್ರ ಎರಡೂ ಇಳೀಬೇಕು. ಕಂಡೆನ್ಸರ್ (ಗಾಡಿ ಮುಂದ ಇರೂ ಎಸಿ ಜಾಲರಿ) ಬಿಸಿ ಹೊರಗ ಹಾಕವಲ್ದು, ಗಾಡಿ ಓಡೂಮುಂದ ಗಾಳಿ ತಾನ ಬಡೀತೈತಿ ಅದಕ್ಕ ಥಂಡ್ ಬರ್ತೈತಿ, ನಿಂತ್ರ ಫ್ಯಾನೇ ಗತಿ. ಮದ್ಲ ಫ್ಯಾನ್ ತಿರಗತೈತೇನ್ ನೋಡು, ಕಂಡೆನ್ಸರ್ ಧೂಳ ತೊಳಿ. ಕಬ್ಬಿನ ಟ್ರ್ಯಾಕ್ಟರ್ ಹಿಂದ ಹೋಗಿ ಹೋಗಿ ನಂದಂತೂ ಪೂರಾ ಮುಚ್ಚಿತ್ತು. ಈಗ ಇನ್ನಷ್ಟು ಗ್ಯಾಸ್ ತುಂಬಿದ್ರ ಕಂಪ್ರೆಸರ್ ಕಥಿ ಮುಗೀತು.

ಜಮಖಂಡಿ ಹುಡುಗ:
ಕಾಕಾರ, ನಮ್ಮಲ್ಲಿ ಇಂಜಿನ್ ಬಂದ್ ಮಾಡಿ ನೋಡಿ 130 ಐತಿ, ಗ್ಯಾಸ್ ಫುಲ್ ಅಂದ್ರಲ್ರಿ?

ಸ್ಪ್ಯಾನರ್ ಕಾಕಾ:
ಅದು ಸುಳ್ಳ ಲೆಕ್ಕ. 40 ಡಿಗ್ರಿ ಬಿಸಲಾಗ ಬಂದ್ ಇದ್ದಾಗ ಆರ್134ಎ ಸುಮಾರು 130 ತೋರಸ್ತೈತಿ, ಒಳಗ ಚೂರ ದ್ರವ ಉಳದ್ರೂ ಅಷ್ಟ, ತುಂಬಿದ್ರೂ ಅಷ್ಟ. ಅಡಗಿಮನಿ ಸಿಲಿಂಡರ್ ಇದ್ದಂಗ, ಎಷ್ಟ ಐತಿ ಅಂತ ತೂಕ ಮಾಡೇ ತಿಳೀಬೇಕು. ಎಷ್ಟ್ ಗ್ರಾಂ ಅಂತ ಬಾನೆಟ್ ಸ್ಟಿಕರ್‌ನ್ಯಾಗ ಇರ್ತೈತಿ. ಎಲ್ಲಾ ತಗದು, ವ್ಯಾಕ್ಯೂಮ್ ಮಾಡಿ, ತೂಗಿ ಹಾಕಂತ ಹೇಳು.

ಬಿಸಲೂರಾಂವ, ವಿಜಯಪುರ:
ಫ್ಯಾನ್ ರಿಲೇ (ಫ್ಯಾನಿಗೆ ಕರೆಂಟ್ ಕೊಡೂ ಸ್ವಿಚ್) ಸುಟ್ಟಿತ್ರಿ ಕಾಕಾರ! ಹೊಸಾದು ಹಾಕಿದ್ಮ್ಯಾಲೆ 40, 240. ಗ್ಯಾಸ್ ಮುಟ್ಟೇ ಇಲ್ಲ.