ತೋಟದ ದಾರಿಗೆ ಎಂ340ಐ: ಸ್ಪ್ರಿಂಗ್ ತಗ್ಗಿಸಬಹುದೇ?

ಪ್ರಶ್ನೆ (ವಿರಾಜಪೇಟೆ): ಚೆನ್ನೈನಲ್ಲಿ ಜೋಡಣೆಯಾಗುವ ಬಿಎಂಡಬ್ಲ್ಯೂ ಎಂ340ಐ ಕಾರನ್ನು ಕಾಯ್ದಿರಿಸುವ ಯೋಚನೆಯಿದೆ. ಕಾಫಿ ತೋಟದ ಮಣ್ಣುದಾರಿಯಲ್ಲೂ ಓಡಬೇಕಾದ ಈ ಕಾರಿಗೆ ತಗ್ಗು ಸ್ಪ್ರಿಂಗ್ (ಕಾರನ್ನು ನೆಲಕ್ಕೆ ಹತ್ತಿರ ಇಳಿಸುವ ಗಿಡ್ಡ ಸ್ಪ್ರಿಂಗ್) ಹಾಕಿಸುವುದು ಸರಿಯೇ?

ಉತ್ತರ (ಮಡಿಕೇರಿ): ದಯವಿಟ್ಟು ಬೇಡ. ಮಳೆಗಾಲದಲ್ಲಿ ಸಂಪಾಜೆ ಘಾಟಿಯ ಗುಂಡಿಗಳಿಗೆ ಮೂಲ ಎತ್ತರದಲ್ಲೇ ಇರುವ ನನ್ನ ಸೆಡಾನಿನ ತಳ ಎರಡು ಬಾರಿ ಉಜ್ಜಿದೆ. ಆರು ಸಿಲಿಂಡರಿನ 2998 ಸಿಸಿ ಎಂಜಿನ್ನಿನ ಬಲವನ್ನು ಎಕ್ಸ್‌ಡ್ರೈವ್ ನಾಲ್ಕೂ ಚಕ್ರಗಳಿಗೆ ಹಂಚುತ್ತದೆಯಾದರೂ, ಒದ್ದೆ ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಕಾಪಾಡುವುದು ಒಳ್ಳೆಯ ಟೈರು ಮಾತ್ರ.

ಉತ್ತರ (ಕುಶಾಲನಗರ): ಸ್ಪ್ರಿಂಗ್ ಅಷ್ಟೇ ಅಲ್ಲ, ಇಸಿಯು ಟ್ಯೂನಿಂಗ್ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸುವುದು) ಮಾಡಿಸಿದರೆ ವಾರಂಟಿಗೂ ಕುತ್ತು ಬರಬಹುದು. ಜೊತೆಗೆ, ತಯಾರಕರ ಮೂಲ ವಿವರಗಳಿಗೆ ಹೊಂದದ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧಿಸುತ್ತದೆ.

ಪ್ರಶ್ನೆ ಕೇಳಿದವರು: ಸ್ಪ್ರಿಂಗಿನ ಹಣ ಟೈರಿಗೇ ಹೋಗಲಿ. ತೋಟಕ್ಕೆ ಹಳೆಯ ಜೀಪು ಇದೆಯಲ್ಲ.