ಆಲೂ ಚಿಪ್ಸ್ ಗರಿಯಾಗುವ ಮೊದಲೇ ಕೆಂಪಾಗಿ ಕಹಿ ಬರುತ್ತಿದೆ, ಏನು ಮಾಡಲಿ?

ಮಲ್ಲಿಗೆಮನೆ
ಎಲ್ಲರಿಗೂ ನಮಸ್ಕಾರ. ಮೂರು ಸಲ ಮಾಡಿದೆ, ಮೂರು ಸಲವೂ ಕೆಟ್ಟಿತು. ಬಿಲ್ಲೆ ಎಣ್ಣೆಗೆ ಬಿದ್ದು ಎರಡು ನಿಮಿಷ ಆಗಿರುವುದಿಲ್ಲ, ಅಂಚೆಲ್ಲ ಕೆಂಪಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ನಡುಭಾಗ ಮಾತ್ರ ಇನ್ನೂ ಮೆತ್ತಗೆ. ಬಾಯಿಗಿಟ್ಟರೆ ಕಹಿ. ಉರಿ ಜಾಸ್ತಿಯಾಯಿತೇನೋ ಅಂತ ಸಣ್ಣ ಮಾಡಿ ನೋಡಿದೆ. ಆಗ ಎಣ್ಣೆ ಕುಡಿಯುತ್ತದೆ, ಬಣ್ಣ ಅದೇ. ಕಡಲೆಕಾಯಿ ಎಣ್ಣೆ ಹೊಸದು. ಬಿಲ್ಲೆಗಳನ್ನು ಎರಡು ನೀರಿನಲ್ಲಿ ತೊಳೆದು, ಬಟ್ಟೆಯ ಮೇಲೆ ಹರಡಿ ಒರೆಸಿಯೇ ಹಾಕುತ್ತೇನೆ. ನಮ್ಮ ಬೀದಿಯ ಹಾಟ್ ಚಿಪ್ಸ್ ಅಂಗಡಿಯಲ್ಲಿ ಬಾಣಲೆ ಮೇಲೇ ಮಣೆ ಹಿಡಿದು ಉಜ್ಜುತ್ತಾರೆ, ತೊಳೆಯುವುದೂ ಇಲ್ಲ. ಆದರೂ ಬೆಳ್ಳಗೆ ಬರುತ್ತದೆ! ಮೂರು ವಾರದಲ್ಲಿ ಮಗಳ ಹುಟ್ಟುಹಬ್ಬ. ಮನೆಯಲ್ಲೇ ಮಾಡಿಕೊಡ್ತೀನಿ ಅಂತ ಮಾತು ಕೊಟ್ಟಿದ್ದೇನೆ.

ಬಾಣಲೆಬಳಗ
ಎಣ್ಣೆ ಎಷ್ಟು ಕಾದಿರುತ್ತದೆ ಅಕ್ಕ? 170 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇದ್ದರೆ ಸಾಕು. ಬಿಲ್ಲೆ ಒಂದೂವರೆ ಮಿಲಿಮೀಟರ್ ದಪ್ಪ ಇರಲಿ, ಎಲ್ಲ ಒಂದೇ ಸಮ ಇರಬೇಕು. ಒಂದೇ ಸಲ ಜಾಸ್ತಿ ಹಾಕಿದರೆ ಎಣ್ಣೆ ತಣ್ಣಗಾಗಿಬಿಡುತ್ತದೆ.

ಮಲ್ಲಿಗೆಮನೆ
ಥರ್ಮಾಮೀಟರ್ ಇಟ್ಟು ನೋಡಿದೆ, 170 ಇತ್ತು. ಒಂದು ಹಿಡಿಯಷ್ಟೇ ಹಾಕಿದ್ದು. ಮಣೆಯಲ್ಲೇ ಉಜ್ಜಿದ್ದರಿಂದ ದಪ್ಪವೂ ಒಂದೇ ಸಮ ಇದೆ.

ಹಾಸನದಹೊಲ
ಮೇಡಂ, ಆಲೂಗಡ್ಡೆ ಎಲ್ಲಿಟ್ಟಿದ್ರಿ?

ಮಲ್ಲಿಗೆಮನೆ
ಫ್ರಿಜ್‌ನಲ್ಲಿ, ಕೆಳಗಿನ ತರಕಾರಿ ಡಬ್ಬಿಯಲ್ಲಿ. ಹತ್ತು ಹನ್ನೆರಡು ದಿನ ಆಗಿರಬಹುದು. ಹೊರಗಿಟ್ಟರೆ ಮೊಳಕೆ ಬರುತ್ತದೆ ಅಂತ.

ಹಾಸನದಹೊಲ
ಹಾಗಾದರೆ ನಿಮ್ಮ ಕೈಯದೂ ತಪ್ಪಿಲ್ಲ, ಎಣ್ಣೆಯದೂ ತಪ್ಪಿಲ್ಲ. ಆಲೂಗಡ್ಡೆ ಸಿಹಿಯಾಗಿದೆ.

ತುಂಬಾ ಚಳಿಯಲ್ಲಿಟ್ಟರೆ ಗಡ್ಡೆ ತನ್ನ ಪಿಷ್ಟವನ್ನು ಒಡೆದು ಸಕ್ಕರೆ ಮಾಡಿಕೊಳ್ಳುತ್ತದೆ. ಪಲ್ಯ ಮಾಡಿದರೆ ಅಷ್ಟಾಗಿ ಗೊತ್ತಾಗಲ್ಲ. ಕಾದ ಎಣ್ಣೆಗೆ ಬಿದ್ದಾಗ ಈ ಸಕ್ಕರೆಯೂ ಗಡ್ಡೆಯಲ್ಲೇ ಇರುವ ಅಮೈನೋ ಆಮ್ಲವೂ ಸೇರಿ ಕಂದು ಬಣ್ಣ, ಕಹಿ ಎರಡನ್ನೂ ಕೊಡುತ್ತವೆ. ಬಿಲ್ಲೆಯ ನೀರು ಆರಿ ಗರಿಯಾಗಲು ಬೇಕಾದಷ್ಟು ಹೊತ್ತು ಎಣ್ಣೆಯಲ್ಲಿ ಬಿಡೋ ಹಾಗೇ ಇಲ್ಲ, ಅಷ್ಟರಲ್ಲಿ ಸೀದಿರುತ್ತದೆ. ಉರಿ ಇಳಿಸಿದರೂ ಬಣ್ಣ ಬದಲಾಗದೆ ಇರುವುದು ಅದಕ್ಕೇ. ತಣ್ಣೀರಲ್ಲಿ ತೊಳೆದರೆ ಹೋಗುವುದು ಮೇಲಿನ ಪಿಷ್ಟ, ಒಳಗಿನ ಸಕ್ಕರೆ ಅಲ್ಲೇ ಉಳಿಯುತ್ತದೆ. ಹೀಗೆ ಕಪ್ಪಾಗುವ ಚಿಪ್ಸ್‌ನಲ್ಲಿ ಅಕ್ರಿಲಮೈಡ್ ಅನ್ನುವ, ಆರೋಗ್ಯಕ್ಕೆ ಒಳ್ಳೆಯದಲ್ಲದ ರಾಸಾಯನಿಕ ಕೂಡ ಜಾಸ್ತಿ ಇರುತ್ತದೆ. ಮಕ್ಕಳಿಗೆ ಕೊಡಬೇಡಿ, ದಯವಿಟ್ಟು.

ಅಂಗಡಿಯವರು ಚಿಪ್ಸ್‌ಗೆ ಒಗ್ಗುವ ಗಡ್ಡೆಯನ್ನೇ ನೋಡಿ ತರುತ್ತಾರೆ, ಬಾಣಲೆ ತುಂಬಾ ಎಣ್ಣೆಯೂ ಇರುತ್ತದೆ. ಚಿಪ್ಸ್‌ಗೆಂದೇ ಬೇರೆ ತಳಿಗಳಿವೆ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1998ರಲ್ಲಿ ಕುಫ್ರಿ ಚಿಪ್ಸೋನಾ-1 ಮತ್ತು 2 ಬಿಡುಗಡೆ ಮಾಡಿತು. ಅವುಗಳಲ್ಲಿ ಪಿಷ್ಟ ಜಾಸ್ತಿ, ಸಕ್ಕರೆ ಕಡಿಮೆ. ನಮ್ಮ ಕಡೆ ಊಟಕ್ಕೆ ಬೆಳೆಯುವುದು ಹೆಚ್ಚಾಗಿ ಕುಫ್ರಿ ಜ್ಯೋತಿ. ಅದರಲ್ಲೂ ಚಿಪ್ಸ್ ಮಾಡಬಹುದು, ಗಟ್ಟಿ ಗಡ್ಡೆ ಆರಿಸಿಕೊಳ್ಳಿ. 1 ಲೀಟರ್ ನೀರಿಗೆ 120 ಗ್ರಾಂ ಉಪ್ಪು ಕರಗಿಸಿ ಅದರಲ್ಲಿ ಬಿಡಿ. ಮುಳುಗಿದ್ದನ್ನು ಚಿಪ್ಸ್‌ಗೆ ಇಡಿ, ತೇಲಿದ್ದನ್ನು ಪಲ್ಯಕ್ಕೆ ಹಾಕಿ. ತೇಲುವುದರಲ್ಲಿ ನೀರಿನಂಶ ಜಾಸ್ತಿ, ಗರಿಯಾಗುವುದಕ್ಕೆ ಹೊತ್ತು ಹಿಡಿಯುತ್ತದೆ, ಎಣ್ಣೆಯೂ ಹೆಚ್ಚು ಕುಡಿಯುತ್ತದೆ.

ಫ್ರಿಜ್‌ನಲ್ಲಿರುವುದನ್ನು ಎಸೆಯಬೇಡಿ. ಗೋಣಿ ಚೀಲದಲ್ಲಿ ಹಾಕಿ, ಬೆಳಕು ಬೀಳದ ಗಾಳಿಯಾಡುವ ಮೂಲೆಯಲ್ಲಿ ಎರಡು ಮೂರು ವಾರ ಇಡಿ. 15ರಿಂದ 20 ಡಿಗ್ರಿ ಇದ್ದರೆ ಒಳ್ಳೆಯದು. ಒಂದಷ್ಟು ಸಕ್ಕರೆಯನ್ನು ಗಡ್ಡೆ ಉಸಿರಾಟಕ್ಕೆ ಬಳಸಿಕೊಳ್ಳುತ್ತದೆ, ಒಂದಷ್ಟು ತಿರುಗಿ ಪಿಷ್ಟವಾಗುತ್ತದೆ. ಎಲ್ಲ ಗಡ್ಡೆಯೂ ಪೂರ್ತಿ ಸರಿಹೋಗಲ್ಲ. ಹಾಗಾಗಿ ಕರಿಯುವ ದಿನ ಪ್ರತಿ ಗಡ್ಡೆಯಿಂದ ಒಂದೊಂದು ಬಿಲ್ಲೆ ಬಿಟ್ಟು ನೋಡಿ.

ಶಿರಸಿಪೇಟೆ
ನಾನು ಫ್ರಿಜ್‌ಗೆ ಇಡೋದೇ ಇಲ್ಲ. ಸಂತೆಯಿಂದ ತಂದ ದಿನವೇ ಮಾಡಿದರೂ ಕಳೆದ ಅಕ್ಟೋಬರ್‌ನಲ್ಲಿ ಹೀಗೇ ಕೆಂಪಾಯಿತು. ಅದು ಹೇಗೆ?

ಹಾಸನದಹೊಲ
ಅದು ಕೋಲ್ಡ್ ಸ್ಟೋರೇಜ್ ಮಾಲು ಇದ್ದಿರಬೇಕು. ಉತ್ತರದ ಕಡೆ ಫೆಬ್ರವರಿ, ಮಾರ್ಚ್‌ನಲ್ಲಿ ಕಿತ್ತ ಗಡ್ಡೆಯನ್ನು 2ರಿಂದ 4 ಡಿಗ್ರಿಯಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. ನೀವು ತರುವ ಹೊತ್ತಿಗೇ ಸಿಹಿಯಾಗಿರುತ್ತದೆ. ಮುಂಗಾರಿನಲ್ಲಿ ಹಾಕಿದ ಹಾಸನದ ಬೆಳೆ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಬರುತ್ತದಲ್ವಾ, ಆಗ ಹೊಲದಿಂದ ನೇರ ಬಂದದ್ದನ್ನು ಕೇಳಿ ತನ್ನಿ. ಹೆಬ್ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಸುಲಿದು ಬರುವುದು ಬೇಡ, ಅದು ಎಳಸು.

ಬಾಣಲೆಬಳಗ
ಕಾಯುವುದಕ್ಕೆ ಆಗದಿದ್ದರೆ ಇನ್ನೊಂದು ದಾರಿ ಇದೆ. 1 ಲೀಟರ್ ಕುದಿಯುವ ನೀರಿಗೆ ಒಂದು ದೊಡ್ಡ ಚಮಚ ವಿನೆಗರ್ ಹಾಕಿ, ಬಿಲ್ಲೆಗಳನ್ನು 3 ನಿಮಿಷ ಬೇಯಿಸಿ ತೆಗೆಯಿರಿ. ಬಿಸಿನೀರು ಸಕ್ಕರೆಯನ್ನು ಎಳೆದುಕೊಳ್ಳುತ್ತದೆ, ಹುಳಿ ಇರುವುದರಿಂದ ಬಿಲ್ಲೆ ಒಡೆಯುವುದಿಲ್ಲ. ಆಮೇಲೆ ಬಟ್ಟೆಯ ಮೇಲೆ ಚೆನ್ನಾಗಿ ಆರಬೇಕು. ಹಸಿ ಇದ್ದರೆ ಎಣ್ಣೆ ಉಕ್ಕಿ ಮೈಮೇಲೆ ಬರುತ್ತದೆ, ಜೋಪಾನ.

ಮಲ್ಲಿಗೆಮನೆ
16 ದಿನ ಆದಮೇಲೆ ಬರೆಯುತ್ತಿದ್ದೇನೆ. ಫ್ರಿಜ್‌ನ ಗಡ್ಡೆಗಳನ್ನು ಅಕ್ಕಿ ಡಬ್ಬಿ ಪಕ್ಕ ಗೋಣಿ ಚೀಲದಲ್ಲಿ ಇಟ್ಟಿದ್ದೆ. ಇವತ್ತು ಎಂಟು ಗಡ್ಡೆಯಿಂದ ಒಂದೊಂದು ಬಿಲ್ಲೆ ಕರಿದು ನೋಡಿದೆ. ಆರು ತಿಳಿ ಹಳದಿ ಬಂತು! ಎರಡರ ಅಂಚು ಕೆಂಪಾಯಿತು, ಅವೆರಡನ್ನು ಸಾಗುಗೆ ಎತ್ತಿಟ್ಟೆ. ಮೊದಮೊದಲು ಬಾಣಲೆ ತುಂಬಾ ದೊಡ್ಡ ಗುಳ್ಳೆ, ಜೋರು ಚರಚರ ಸದ್ದು. ಆಮೇಲೆ ಗುಳ್ಳೆ ಸಣ್ಣಗಾಗುತ್ತಾ ಬಂದು ಸದ್ದು ಹೆಚ್ಚುಕಮ್ಮಿ ನಿಂತೇಹೋಯಿತು. ಆಗ ತೆಗೆದೆ. ಸೌಟಿನಿಂದ ತಟ್ಟೆಗೆ ಬಿದ್ದಾಗ ಒಣಗಿದ ಎಲೆ ಬಿದ್ದ ಹಾಗೆ ಸದ್ದಾಯಿತು. ಕಹಿ ಒಂಚೂರೂ ಇಲ್ಲ. ಆದರೆ ಕೈಗೆ ಎಣ್ಣೆ ಸ್ವಲ್ಪ ಹತ್ತುತ್ತದೆ. ಉಪ್ಪೂ ಉದುರಿ ತಟ್ಟೆಯ ತಳಕ್ಕೆ ಹೋಗುತ್ತಿದೆ.

ಹಾಸನದಹೊಲ
ತುಂಬಾ ಖುಷಿಯಾಯಿತು ಮೇಡಂ. ಬಿಲ್ಲೆ ಎಣ್ಣೆಯಿಂದ ಹೊರಗೆ ಬಂದು ತಣ್ಣಗಾಗುವಾಗಲೇ ಮೈಗೆ ಅಂಟಿದ ಎಣ್ಣೆಯನ್ನು ಒಳಗೆ ಎಳೆದುಕೊಳ್ಳುವುದು. ಅದಕ್ಕೆ ತೆಗೆದ ಕೂಡಲೇ ಜಾಲರಿಯಲ್ಲೇ ಎರಡು ಸಲ ಜೋರಾಗಿ ಕುಲುಕಿ. ಉಪ್ಪನ್ನು ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿಕೊಂಡು ಬಿಸಿ ಇರುವಾಗಲೇ ಉದುರಿಸಿ, ಹಿಡಿದುಕೊಳ್ಳುತ್ತದೆ. ಪೂರ್ತಿ ಆರುವವರೆಗೆ ಡಬ್ಬಿಗೆ ಹಾಕಬೇಡಿ.

ಮಲ್ಲಿಗೆಮನೆ
ಸರಿ, ಹಾಗೇ ಮಾಡ್ತೀನಿ. ಶನಿವಾರ ಹುಟ್ಟುಹಬ್ಬ, ಹನ್ನೆರಡು ಮಕ್ಕಳು ಬರ್ತಾರೆ. 3 ಕೆಜಿ ಆಲೂಗಡ್ಡೆ ಸಾಕಾಗುತ್ತಾ?

ಬಾಣಲೆಬಳಗ
1 ಕೆಜಿಗೆ ಕಾಲು ಕೆಜಿಗಿಂತ ಸ್ವಲ್ಪ ಜಾಸ್ತಿ ಚಿಪ್ಸ್ ಬರುತ್ತದೆ, ಉಳಿದದ್ದೆಲ್ಲ ನೀರು. 4 ಕೆಜಿ ಇಟ್ಟುಕೊಳ್ಳಿ ಅಕ್ಕ. ಕರಿಯುವಾಗಲೇ ಮನೆಯವರು ಒಂದು ತಟ್ಟೆ ಖಾಲಿ ಮಾಡಿಬಿಡ್ತಾರೆ.