ಡಿಗ್ರಿ ಮುಗೀತು, ವಾಲಂಟಿಯರ್ ಆಗಿ ಫಾರಿನ್‌ಗೆ ಹೋಗ್ಲಾ?

ಪ್ರಶ್ನೆ:
ಒಂದು ವರ್ಷ ಹೊರದೇಶದಲ್ಲಿ ಮಕ್ಕಳಿಗೆ ಪಾಠ ಹೇಳ್ಕೊಡೋಕೆ ಹೋಗ್ಬೇಕು ಅಂತಿದೀನಿ ಆದ್ರೆ ಏಜೆನ್ಸಿಯವ್ರು ನಮ್ ಹತ್ರಾನೇ ದುಡ್ಡು ಕೇಳ್ತಿದಾರೆ, ಇದು ಸರಿನಾ? ಮನೇಲಿ ಬೇರೆ ಮೊದ್ಲು ಕೆಲಸ ಹುಡುಕು ಅಂತ ಒಂದೇ ರಾಗ.

ಉತ್ತರ 1:
ದುಡ್ಡು ಕೇಳಿದ ತಕ್ಷಣ ಮೋಸ ಅನ್ಕೋಬೇಡಿ, ಆದ್ರೆ ಯಾವುದಕ್ಕೆ ಎಷ್ಟು ಅಂತ ಲೆಕ್ಕ ಕೊಡ್ಲಿಲ್ಲಾಂದ್ರೆ ಬಿಟ್ಬಿಡಿ. ವಿಶ್ವಸಂಸ್ಥೆಯ ವಾಲಂಟಿಯರ್ ಕಾರ್ಯಕ್ರಮ ಯುಎನ್‌ವಿ ನೋಡಿ, 1970ರಲ್ಲಿ ಶುರುವಾಗಿದ್ದು, ಅವ್ರೇ ತಿಂಗಳ ಖರ್ಚಿಗೆ ಕೊಡ್ತಾರೆ.

ಉತ್ತರ 2:
ವೀಸಾ ಯಾವುದು ಅಂತ ಮೊದ್ಲು ಕೇಳಿ. ಎಷ್ಟೋ ದೇಶಗಳಲ್ಲಿ ಟೂರಿಸ್ಟ್ ವೀಸಾ ಇಟ್ಕೊಂಡು ವಾಲಂಟಿಯರ್ ಕೆಲಸ ಮಾಡೋ ಹಾಗಿಲ್ಲ, ಸಂಬಳ ಇಲ್ದಿದ್ರೂ. ನಾನು ಎರಡೇ ವಾರಕ್ಕೆ ಹೋಗಿದ್ದೆ, ಮಕ್ಕಳ ಹೆಸರು ಬಾಯಿಗೆ ಬರೋಷ್ಟ್ರಲ್ಲಿ ವಾಪಸ್. ಒಬ್ಳು ಹುಡುಗಿ ನೋಟ್‌ಬುಕ್ ತೆಗೆದು ನಂಗಿಂತ ಮುಂಚೆ ಬಂದುಹೋದವ್ರ ಸಹಿ ಎಣಿಸಿ ತೋರಿಸಿದ್ಲು, ಹನ್ನೊಂದು.

ಪ್ರಶ್ನೆ ಕೇಳಿದವರು:
ಅಯ್ಯೋ. ವರ್ಷಕ್ಕಿಂತ ಕಮ್ಮಿ ಬೇಡ ಹಂಗಾದ್ರೆ. ವೀಸಾ ವಿಷ್ಯ ಈಗ್ಲೇ ಮೇಲ್ ಹಾಕ್ತೀನಿ.